ಮೀಟರನ್ನು ನಂಬದ ನಿಂಗರಾಜು

ರಂಜಿತ ನಿಂಗರಾಜುವನ್ನು ಮೊದಲು ನೋಡಿದ್ದು 1993ರ ಕಾರ್ತಿಕದಲ್ಲಿ, ಪಾಂಡವಪುರದ ತನ್ನ ತವರಿನ ನಡುಮನೆಯಲ್ಲಿ. ಹೆಣ್ಣು ನೋಡಲು ನಾಗಮಂಗಲದ ಕಡೆಯಿಂದ ಐದು ಜನ ಬಂದಿದ್ದರು. ನಾಲ್ವರು ಬೆಂಚಿನ ತುಂಬ ಅಗಲವಾಗಿ ಕೂತಿದ್ದರು. ಐದನೆಯವನು, ಅಂದರೆ ಮದುವೆಯ ಗಂಡು, ತುದಿಯಲ್ಲಿ ಅರ್ಧ ಕೂತು ಉಳಿದರ್ಧವನ್ನು ಕಾಲ ಮೇಲೆ ಹೊತ್ತಿದ್ದ. ನೀಲಿ ಗೀಟಿನ ಷರಟು; ಇಸ್ತ್ರಿಯ ಮಡಿಕೆ ಇನ್ನೂ ಎದ್ದು ಕಾಣುತ್ತಿತ್ತು. ಉಪ್ಪಿಟ್ಟಾದ ಮೇಲೆ ಬಾಳೆಹಣ್ಣು ತಿಂದ. ಸಿಪ್ಪೆಯನ್ನು ತಟ್ಟೆಯಲ್ಲಿ ಇಡಬಹುದೇ ಎಂದು ಎಲ್ಲರ ಮುಖ ನೋಡಿದ. ಯಾರೂ ಹೇಳದಿದ್ದಾಗ ಜೇಬಿಗೆ ಹಾಕಿಕೊಂಡ.

"ಹುಡ್ಗಿ ಒಪ್ಗೆನೇನಪ್ಪ?" ಎಂದು ರಂಜಿತಳ ಸೋದರಮಾವ ಕೇಳಿದರು. ಗಂಡು ತನ್ನ ಅಪ್ಪ ಚಿಕ್ಕಸ್ವಾಮಿಯ ಕಡೆ ತಿರುಗಿದ.

"ಅವುನ್ನೇನ್ ಕೇಳೀರಿ ಬುಡಿ, ಅವುನ್ಗೇನ್ ಗೊತ್ತಾಯ್ತದೆ. ಒಪ್ಗೆ," ಎಂದರು ಚಿಕ್ಕಸ್ವಾಮಿ.

ಸಂಕೋಚದ ಹುಡುಗ, ಸಂಭಾವಿತ ಎಂದುಕೊಂಡಳು ರಂಜಿತ. ಆ ಅಭಿಪ್ರಾಯ ಮದುವೆಯಾಗಿ ಒಂದು ವಾರ ಬಾಳಿತು.

ನಿಂಗರಾಜು ಹಸುವನ್ನು ಗೂಟಕ್ಕೆ ಕಟ್ಟಿ ಬಂದರೆ ಚಿಕ್ಕಸ್ವಾಮಿ ಎದ್ದು ಹೋಗಿ ಆ ಗಂಟು ಬಿಚ್ಚಿ, ಅದೇ ಗಂಟನ್ನು ಮತ್ತೆ ಹಾಕಿ ಬರುತ್ತಿದ್ದರು. ಮಗ ಬಿ.ಎ. ಪಾಸಾದಾಗ ಅಂಕಪಟ್ಟಿ ಅಸಲಿಯೇ ಎಂದು ಪೋಸ್ಟ್‌ಮಾಸ್ಟರನ್ನು ಕೇಳಿ ಬಂದಿದ್ದರಂತೆ. ಅತ್ತೆ ಪುಟ್ಟತಾಯಮ್ಮ ಇದನ್ನು ಗಂಡನ ಜಾಣತನವೆಂದು ಸೊಸೆಗೆ ಹೇಳಿದರು. ಇಪ್ಪತ್ತೈದು ವರ್ಷದ ಈ ಆರೈಕೆಯ ಫಲವಾಗಿ ನಿಂಗರಾಜುವಿಗೆ ಲೋಕದಲ್ಲಿ ತನ್ನೊಬ್ಬನನ್ನು ಬಿಟ್ಟು ಎಲ್ಲರ ಮೇಲೂ ನಂಬಿಕೆಯಿತ್ತು.

ಇಂಥವನಿಗೆ ಊರಿನ ಹಾಲಿನ ಡೈರಿಯಲ್ಲಿ ಟೆಸ್ಟರ್ ಕೆಲಸ ಸಿಕ್ಕಿತು. ಒಂದು ವರ್ಷ ತಪ್ಪಿಲ್ಲದೆ ಮಾಡಿದರೆ ಕಾಯಂ. ಗಟ್ಟಿ ಅಳೆಯುವ ಮೀಟರನ್ನು ಹಾಲಿಗೆ ಬಿಡಬೇಕು, ಅದು ತೋರಿಸಿದ ಡಿಗ್ರಿ ಕೂಗಬೇಕು, ನೀರು ಬೆರೆತು ಡಿಗ್ರಿ ಇಪ್ಪತ್ತಾರಕ್ಕಿಂತ ಇಳಿದಿದ್ದರೆ ವಾಪಸ್ ಕಳಿಸಬೇಕು, ಅಷ್ಟೆ. ಚಿಕ್ಕಬೋರಮ್ಮನ ಹಾಲು ಇಪ್ಪತ್ತೆಂಟು ಬಂತು. ಹತ್ತೆಕರೆ ಗದ್ದೆಯ ಕೆಂಪಣ್ಣನದು ಇಪ್ಪತ್ತು.

"ಲೇ ನಿಂಗ, ನಿನ್ ಮೀಟ್ರು ಕೆಟ್ಟೋಗದೆ ಕಣ್ಲಾ," ಎಂದ ಕೆಂಪಣ್ಣ.

"ಇದ್ರೂ ಇರಬೋದು ಕಣಣ್ಣ," ಎಂದು ನಿಂಗರಾಜು ಹಾಲು ಸುರಿಸಿಕೊಂಡ.

ಮನೆಗೆ ತಂದು ಮೀಟರನ್ನು ಬರೀ ನೀರಿಗೆ ಬಿಟ್ಟ. ಸೊನ್ನೆ ತೋರಿಸಬೇಕು, ತೋರಿಸಿತು. ಆಗ ನೀರಿನ ಮೇಲೆ ಅನುಮಾನ ಬಂತು. ನಾಗಮಂಗಲಕ್ಕೆ ಹೋಗಿ ಹೊಸ ಮೀಟರು ತಂದ. ಅದೂ ಕೆಂಪಣ್ಣನ ಹಾಲಿಗೆ ಇಪ್ಪತ್ತೇ ಅಂದಿತು. ಹಾಗಾದರೆ ಕಣ್ಣೇ ಸರಿಯಿಲ್ಲವೆಂದು ಆಸ್ಪತ್ರೆಗೆ ಹೋದ. ಕಣ್ಣಿಗೇನೂ ಆಗಿಲ್ಲ ಎಂದರು.

"ಡಾಕ್ಟ್ರು ಇನ್ನೂ ಚಿಕ್ಕೋರು ಕಣೆ," ಎಂದು ಹೆಂಡತಿಗೆ ಹೇಳಿ, ಪವರಿಲ್ಲದ ಕನ್ನಡಕವೊಂದನ್ನು ಕೊಂಡು ಹಾಕಿಕೊಂಡ.

"ಅವ್ರು ಹಾಲ್ಗೆ ನೀರಾಕುದ್ರೆ ನೀವು ಕಣ್ಗೆ ಗಾಜಾಕ್ಕಂಡ್ರಾ?" ಎಂದಳು ರಂಜಿತ. ಅವನು ಕನ್ನಡಕ ಒರೆಸಿಕೊಂಡ.

ಕೆಂಪಣ್ಣನದು ನಡೆಯಿತೆಂದು ಇನ್ನೂ ನಾಲ್ಕು ಮನೆಯವರು ಹಾಲಿಗೆ ನೀರಿನ ಬಿಂದಿಗೆ ಎತ್ತಿದರು. ಹಾಲು ಒಯ್ಯುವ ಒಕ್ಕೂಟದ ಲಾರಿ ನೀರುಹಾಲೆಂದು ಎರಡು ಸಲ ಊರಿನ ಕ್ಯಾನುಗಳನ್ನು ಹಿಂದಕ್ಕೆ ತಂದಿತು. ಇನ್ನೊಂದು ಸಲ ಬಂದರೆ ಹಾಲು ಕೊಳ್ಳುವುದೇ ನಿಲ್ಲುತ್ತದೆಂದು ಚೀಟಿಯೂ ಬಂತು. ಡೈರಿಯ ಜಗಲಿಯಲ್ಲಿ ಸಭೆ ಸೇರಿತು. ನಿಂಗರಾಜುವಿನ ಕೆಲಸ ಆವತ್ತು ಉಳಿಯಬೇಕು, ಇಲ್ಲ ಹೋಗಬೇಕು.

"ಒಂದೇ ಒಂದ್ ಮಾತೇಳಿ," ಎಂದು ರಂಜಿತ ಬಾಗಿಲಲ್ಲಿ ಅವನ ಕಾಲರು ಸರಿಮಾಡಿದಳು. "ಕೆಂಪಣ್ಣೋರ್ ಹಾಲು ಇಪ್ಪತ್ತು. ಆಮೇಲೆ ಸುಮ್ಕೆ ಕೂತ್ಕಬುಡಿ."

"ಇಪ್ಪತ್ತು, ಇಪ್ಪತ್ತು," ಎಂದುಕೊಳ್ಳುತ್ತಲೇ ಅವನು ನಡೆದ. ಅವಳು ಹಿಂದೆಯೇ ಹೋಗಿ ಹೆಂಗಸರ ಜೊತೆ ನಿಂತಳು.

ಡೈರಿಯ ಅಧ್ಯಕ್ಷ ಕುಳ್ಳಯ್ಯ ಕೇಳಿದ, "ಯಾರ್ ಹಾಲ್ನಲ್ಲಿ ನೀರದೆ ಹೇಳ್ಲಾ?"

ನಿಂಗರಾಜು ಎದ್ದ. ಕೆಂಪಣ್ಣ ಒಮ್ಮೆ ಕೆಮ್ಮಿದ.

"ತಪ್ಪು ನಂದೇ," ಎಂದ ನಿಂಗರಾಜು. "ನಾನೇ ಸರ್ಯಾಗ್ ನೋಡ್ಲಿಲ್ಲ."

ಅವನು ಹುಟ್ಟಿದಾಗಿನಿಂದ ತಡವರಿಸದೆ ಆಡಿದ ಮಾತು ಅದೊಂದೇ. ಊರೂ ಅವನ ಮಾತನ್ನು ಮೊದಲ ಸಲ ಕೂಡಲೇ ನಂಬಿತು.

"ನಾನೇಳ್ನಿಲ್ವಾ, ಇವ್ನ ಕೈಲಾಗಾಕಿಲ್ಲ ಅಂತ," ಎಂದು ಚಿಕ್ಕಸ್ವಾಮಿ ಗೆದ್ದವರಂತೆ ಸುತ್ತ ನೋಡಿದರು.

"ಸುಳ್ಳು," ಎಂದಳು ರಂಜಿತ. "ಕೆಂಪಣ್ಣೋರ್ ಹಾಲ್ ತರ್ಸಿ, ಈಗ್ಲೇ ಮೀಟ್ರು ಬುಡಿ."

"ನಿನ್ ಗಂಡ್ನೇ ಒಪ್ಕಂಡವ್ನಲ್ಲವ್ವ, ಇನ್ನೇನ್ ನೋಡದು," ಎಂದ ಕುಳ್ಳಯ್ಯ.

ಮರುದಿನದಿಂದ ಕೆಂಪಣ್ಣನ ಮಗ ಟೆಸ್ಟರಾದ. ಕ್ಯಾನುಗಳು ಮತ್ತೆ ಹಿಂದೆ ಬರಲಿಲ್ಲ. ಮಗನ ಕೆಲಸ ಕಾಯಂ ಆಗುವವರೆಗೆ ಕೆಂಪಣ್ಣ ನೀರಿನ ಬಿಂದಿಗೆ ಮುಟ್ಟಲಿಲ್ಲ. ಹೊಸ ಟೆಸ್ಟರು ಬಂದ ಮೇಲೆ ಹಾಲು ಎಷ್ಟು ಚೆನ್ನಾಯಿತು ಎಂದು ನಿಂಗರಾಜು ಮೊದಲಿಗನಾಗಿ ಹೊಗಳಿದ.

ಈಗ ಅವನು ಎರಡು ಹಸು ಸಾಕಿಕೊಂಡು ಬೆಳಿಗ್ಗೆ, ಸಂಜೆ ಅದೇ ಡೈರಿಗೆ ಹಾಲು ಹಾಕಿ, ಕೆಂಪಣ್ಣನ ಮಗ ಕೂಗಿದ ಡಿಗ್ರಿಯನ್ನು ಮೀಟರು ನೋಡದೆ ನಂಬಿ ಬರುತ್ತಾನೆ.