ಖಾಲಿ ಬಾರದ ಲಾರಿ

ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗಿಟ್ಟ ಲಾರಿಯೊಂದನ್ನು ನಮ್ಮ ಮನೆಯವರು ಸಿರುಗುಪ್ಪಕ್ಕೆ ಕೊಂಡು ತಂದರು. ಅದಕ್ಕೆ ನನ್ನ ತವರಿನವರು ಹಾಕಿದ್ದ ಪಾಟ್ಲಿ ಬಳೆ, ಸರ ಎರಡೂ ಹೋದವು. ನಾನು ಅಳಲಿಲ್ಲ. ಬೇರೊಬ್ಬರ ಲಾರಿ ಓಡಿಸಿ, ಮಾಲೀಕನ ಬೈಗುಳ ತಿಂದು ಮನೆಗೆ ಬರುವ ಗಂಡನನ್ನು ನೋಡಿ ನೋಡಿ ಸಾಕಾಗಿತ್ತು.

ನಮ್ಮೂರಿನ ಹತ್ತಿಯನ್ನು ಬಳ್ಳಾರಿಯ ಜಿನ್ನಿಗೆ ಹಾಕಿ ಬರುವುದು ಅವರ ಕೆಲಸ. ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆಗೆ ನಾವು ಜಿನ್ನು ಅನ್ನುತ್ತೇವೆ. ಹೋಗುವಾಗ ಲಾರಿ ತುಂಬಿರುತ್ತಿತ್ತು, ಬರುವಾಗ ಖಾಲಿ. ಹೋಗುವಾಗ ದುಡಿದದ್ದು ಬರುವಾಗ ಪೆಟ್ರೋಲಿಗೇ ಹೋಗುತ್ತಿತ್ತು. ವಾಪಸು ಬಾಡಿಗೆ ಬೇಕೆಂದರೆ ದಲ್ಲಾಳಿಯ ಕಾಲು ಹಿಡಿಯಬೇಕು. ಅವನು ಒಮ್ಮೆ ಕೊಡಿಸಿದ್ದು ಸೀಮೆಎಣ್ಣೆ ಡಬ್ಬಿಗಳನ್ನು. ರಸ್ತೆಯ ತಗ್ಗುದಿಣ್ಣೆಯಲ್ಲಿ ಅವು ಸೋರಿ, ಮರುದಿನ ತುಂಬಿದ ಹತ್ತಿಗೆಲ್ಲ ವಾಸನೆ ಹತ್ತಿತು. ಜಿನ್ನಿನವರು ಮಾಲು ತಿರುಗಿಸಿ ಕಳಿಸಿದರು.

ಆ ವಾರವೇ ದಲ್ಲಾಳಿ ನಮ್ಮ ಮನೆಗೆ ಬಂದ. "ಲಾರಿ ನನಗ ಬಿಟ್ಟುಕೊಡಪಾ. ನೀನ ಓಡಸು. ತಿಂಗಳಾ ಪಗಾರ ತಗೊಂಡು ಆರಾಮ ಇರು," ಅಂದ.

ನಮ್ಮವರು ತಲೆ ತಗ್ಗಿಸಿ, "ಸುಗ್ಗಿ ಮುಗಿಯೂ ತನಕ ನೋಡ್ತೀನ್ರಿ," ಅಂದರು. ಒಳಗಿದ್ದ ನನಗೆ ಮೈಯೆಲ್ಲ ಉರಿಯಿತು. ನನ್ನ ಪಾಟ್ಲಿ ಕರಗಿಸಿ ತಂದ ಲಾರಿಗೆ ಇವನು ಮಾಲೀಕನಾಗಬೇಕಂತೆ.

ಮರುದಿನ ಒರಳಿನ ಮುಂದೆ ಕುಳಿತು, ಎಮ್ಮೆಗೆ ನೆನೆಸಿಟ್ಟ ಹತ್ತಿಕಾಳು ರುಬ್ಬುತ್ತಿದ್ದೆ. ಹತ್ತಿಕಾಳು ತಿಂದ ಎಮ್ಮೆ ಗಟ್ಟಿ ಹಾಲು ಕೊಡುತ್ತದೆ. ಆದರೆ ಅಂಗಡಿಯವನು, ಬಳ್ಳಾರಿಯಿಂದ ಗಾಡಿಯಲ್ಲಿ ತರಬೇಕೆಂದು ಬಾಯಿಗೆ ಬಂದ ಬೆಲೆ ಹೇಳುತ್ತಿದ್ದ, ಮೇಲೆ ಮಣ್ಣು ಬೇರೆ ಬೆರೆಸುತ್ತಿದ್ದ. ಅವನನ್ನು ಬೈಯುತ್ತಿದ್ದಾಗಲೇ ನನ್ನ ಕೈ ನಿಂತಿತು. ಹತ್ತಿಯಿಂದ ಬಿಡಿಸಿದ ಈ ಕಾಳು ರಾಶಿ ಬೀಳುವುದು ಜಿನ್ನಿನಲ್ಲಿ. ನಮ್ಮ ಲಾರಿ ಖಾಲಿಯಾಗಿ ನಿಲ್ಲುವುದೂ ಅದೇ ಬಾಗಿಲಲ್ಲಿ. ಹತ್ತಿ ಹೊತ್ತ ಲಾರಿಯಲ್ಲಿ ಹತ್ತಿಕಾಳು ತಂದರೆ ಯಾವ ವಾಸನೆ ಹತ್ತೀತು?

"ಎಮ್ಮಿ ಮೇವಿನ ಲಾರಿ ಅಂತ ಬಳ್ಳಾರಿಯಾಗ ನಗ್ತಾರ," ಅಂದರು ನಮ್ಮವರು.

"ನಗೋರು ಪೆಟ್ರೋಲ್ ಹಾಕಸ್ತಾರೇನ್ರಿ?" ಅಂದೆ. ಅವರು ಜಿನ್ನಿನಲ್ಲಿ ಕಾಳಿನ ಬೆಲೆ ವಿಚಾರಿಸಿ ಬಂದರು.

ನಾನು ಬಸ್ಸು ಹತ್ತಿ ತವರೂರು ಕುರುಗೋಡಿಗೆ ಹೋದೆ. ಅಲ್ಲಿ ಎಮ್ಮೆ ಕಟ್ಟಿದವರೆಲ್ಲ ಅವ್ವನ ಗೆಳತಿಯರು. ಒಂದು ಮನೆಯನ್ನೂ ಬಿಡದೆ ಅವ್ವ ನನ್ನನ್ನು ಸುತ್ತಿಸಿದಳು. ಕಾಳಿಗೆ ಮುಂಗಡವೆಂದು ಹಾಲು ಮಾರಿದ ದುಡ್ಡನ್ನು ಸೆರಗಿನ ತುದಿಯಿಂದ ಬಿಚ್ಚಿ ಕೊಟ್ಟವರು ಹಲವರು. ಒಬ್ಬ ಮುದುಕಿ ಮಾತ್ರ ಒಪ್ಪಲಿಲ್ಲ. "ಮೊದಲ ಕಾಳು ತೋರಸವ್ವ, ಆಮ್ಯಾಲ ರೊಕ್ಕದ ಮಾತು," ಅಂದಳು.

ಮೊದಲ ಸಲ ಕಾಳು ತುಂಬಿದ ಲಾರಿ ಕುರುಗೋಡಿಗೆ ಬಂದಾಗ, ಎಲ್ಲರಿಗಿಂತ ಮುಂದೆ ನಿಂತಿದ್ದವಳು ಆ ಮುದುಕಿಯೇ. ಚೀಲದೊಳಗೆ ಮೊಣಕೈವರೆಗೆ ಕೈ ತೂರಿಸಿ, ತಳದ ಕಾಳು ಮೇಲೆ ತಂದು, ಅಂಗೈಯಲ್ಲಿ ಉಜ್ಜಿ ಊದಿದಳು. ಮಣ್ಣು ಹಾರಲಿಲ್ಲ. ಅವಳು ಮೊಮ್ಮಗನನ್ನು ಕರೆದು ಎರಡು ಚೀಲ ಮನೆಗೆ ಹೊರಿಸಿದಳು. ಅವಳ ಹಿಂದೆ ಉಳಿದವರೂ ನುಗ್ಗಿದರು. ಅಂದು ನಾನು ಮುಂದಿನ ಸೀಟಿನಲ್ಲಿ ಗಂಡನ ಪಕ್ಕ ಕುಳಿತು ಸಿರುಗುಪ್ಪಕ್ಕೆ ಬಂದೆ. ಮದುವೆಯ ದಿನ ಕೂಡ ನಾನು ಅಷ್ಟು ಬೀಗಿರಲಿಲ್ಲ.

ಆಮೇಲೆ ಮೋಕ ಊರಿನವರೂ ಕೇಳಿದರು, ಸಿರುಗುಪ್ಪದವರೂ ಕೇಳಿದರು. ಯಾವ ದಿನ ಯಾವ ಊರಿಗೆಂದು ಗೊತ್ತುಮಾಡಿಕೊಂಡೆವು. ನಮ್ಮವರು ಜ್ವರದಲ್ಲೂ ಆ ದಿನ ತಪ್ಪಿಸಲಿಲ್ಲ. ಹೋಗುವಾಗಲೂ ತುಂಬಿದ ಲಾರಿ, ಬರುವಾಗಲೂ ತುಂಬಿದ ಲಾರಿ. ನಮ್ಮನ್ನು ನೋಡಿ ನಕ್ಕಿದ್ದ ಬೇರೆ ಲಾರಿಯವರು ಈಗ, ಜಿನ್ನಿನಲ್ಲಿ ಯಾರನ್ನು ಕೇಳಬೇಕೆಂದು ಮೆಲ್ಲಗೆ ವಿಚಾರಿಸತೊಡಗಿದರು. ನಮ್ಮವರು ಎಲ್ಲರಿಗೂ ಹೇಳಿಕೊಟ್ಟರು. ನಾನಾಗಿದ್ದರೆ ಸ್ವಲ್ಪ ಸತಾಯಿಸುತ್ತಿದ್ದೆ.

ಸುಗ್ಗಿ ಮುಗಿಯುವ ಮೊದಲೇ ದಲ್ಲಾಳಿ ಮತ್ತೆ ಬಂದ. ಲಾರಿ ಕೇಳಲು ಬಂದನೆಂದು ನಾನು ಸೆರಗು ಸಿಕ್ಕಿಸಿ ಬಾಗಿಲಲ್ಲಿ ನಿಂತೆ. ಅವನು ಚಪ್ಪಲಿ ಬಿಟ್ಟು ಒಳಗೆ ಬಂದು ಚಾಪೆಯ ಅಂಚಿನಲ್ಲಿ ಕುಳಿತ.

"ಕುರುಗೋಡಿಗೆ ಬೆಲ್ಲ ಕಳಸಬೇಕಾಗೇತ್ರಿ. ಹೇಳಿದ ದಿನಕ್ಕ ಮುಟ್ಟೋದು ನಿಮ್ಮ ಲಾರಿ ಒಂದ ಅಂತ. ಸ್ವಲ್ಪ ಜಾಗ ಮಾಡಿ ಕೊಡ್ರಿ," ಅಂದ.

ನಮ್ಮವರು ನನ್ನ ಮುಖ ನೋಡಿದರು.

"ಸೋಮವಾರ ಲಾರಿ ತುಂಬೇತ್ರಿ. ಬುಧವಾರ ಜಿನ್ನಿನ ಬಾಗಲಿಗೆ ಬರ್ರಿ," ಅಂದೆ.

ಬುಧವಾರ ನಮ್ಮ ಲಾರಿ ಜಿನ್ನಿನ ಬಾಗಿಲು ಮುಟ್ಟುವ ಮೊದಲೇ ಅವನು ಬೆಲ್ಲ ಇಳಿಸಿಕೊಂಡು ಕಾಯುತ್ತಿದ್ದನಂತೆ.