ಕೈಯ ಹಿಂದಿದ್ದ ಹೆಸರು

ಅಪ್ಪ ಕಮರ್ಷಿಯಲ್ ಆರ್ಟಿಸ್ಟ್. ಹಾಗೆಂದರೆ ಈಗ ಯಾರಿಗೂ ತಿಳಿಯುವುದಿಲ್ಲ. ಗ್ರಾಫಿಕ್ ಡಿಸೈನರ್ ಎಂದರೆ ‘ಓಹೋ’ ಎನ್ನುತ್ತಾರೆ. ಧಾರವಾಡ ಬಿಟ್ಟು ಪುಣೆಗೆ ಬಂದು, ಒಂದು ಸ್ಟುಡಿಯೋದಲ್ಲಿ ಬೆನ್ನು ಬಗ್ಗಿಸಿ ಜನ್ಮವಿಡೀ ಲೇಬಲ್ ಬರೆದರು. ಕೆಲಸ ಇವರದು, ಹೆಸರು ಸ್ಟುಡಿಯೋದ್ದು. ಆಗಿನ ರೂಢಿಯೇ ಹಾಗಿತ್ತಂತೆ. ಸುಡಲಿ ಆ ರೂಢಿ, ನನಗೆ ಈಗಲೂ ಮೈ ಉರಿಯುತ್ತದೆ.

ಒಮ್ಮೆ ಮಾತ್ರ ಅವರ ಹೆಸರು ಅಚ್ಚಾಗಿತ್ತು. ಹಳದಿ ನೆಲದ ಮೇಲೆ ಮೂರು ಬಿಳಿ ಗುಳ್ಳೆ, ಅಷ್ಟೇ ಇದ್ದ ಒಂದು ಸಾಬೂನಿನ ಹೊದಿಕೆ. ಅದನ್ನು ವಿನ್ಯಾಸದ ಪತ್ರಿಕೆಯೊಂದು ಕಲಾವಿದರ ಹೆಸರು ಹಾಕಿ ಪ್ರಕಟಿಸಿತ್ತು. ಇದು ಅವ್ವ ಹೇಳಿದ್ದು, ನಾನು ನೋಡಿರಲಿಲ್ಲ.

ಹೋದ ತಿಂಗಳು ಹುಡುಗಿಯೊಬ್ಬಳು ಮನೆಗೆ ಬಂದಳು. ಮೈಸೂರಿನವಳು, ಇಲ್ಲೇ ಪುಣೆಯ ಹಿಂಜವಾಡಿಯ ಐಟಿ ಕಂಪನಿಯಲ್ಲಿ ನೌಕರಿ, ಹಳೆಯ ಲೇಬಲ್‌ಗಳ ಪ್ರದರ್ಶನ ಮಾಡುತ್ತಿದ್ದಳು. ಅವಳ ಪಟ್ಟಿಯಲ್ಲಿ ಅಪ್ಪನ ಹೊದಿಕೆಯ ಮುಂದೆ ‘ಕಲಾವಿದರು ತಿಳಿದಿಲ್ಲ’ ಎಂದಿತ್ತು.

“ತಿಳಿದಿಲ್ಲ ಅಂದ್ರ ಏನವಾ? ನಮ್ಮಪ್ಪಂದು ಅದು! ಪತ್ರಿಕೆಯೊಳಗ ಹೆಸರು ಸಹಿತ ಬಂದಿತ್ತು!”

“ಇರಬಹುದು ಆಂಟಿ. ಆದ್ರೆ ಪ್ರಿಂಟ್ ಆಗಿರೋ ಪ್ರೂಫ್ ಬೇಕು. ಆ ಸಂಚಿಕೆ ನಮಗೆ ಎಲ್ಲೂ ಸಿಗ್ತಿಲ್ಲ. ಭಾನುವಾರದೊಳಗೆ ಸಿಕ್ರೆ ಹೆಸರು ಹಾಕ್ಬಿಡ್ತೀನಿ.”

ಅವಳು ಹೋದ ಮೇಲೆ ಮಂಚದ ಕೆಳಗಿನಿಂದ ಅಪ್ಪನ ಪತ್ರಿಕೆಗಳನ್ನು ಎಳೆದೆ. ಸದಾಶಿವ ಪೇಠೆಯ ಈ ಎರಡು ಕೋಣೆಯಲ್ಲಿ ಈಗ ನಾನೊಬ್ಬಳೇ. ನೆಲದ ತುಂಬ ಹರಡಿದರೂ ಕೇಳುವವರಿಲ್ಲ. ಸಂಚಿಕೆ ಸಿಕ್ಕಿತು. ಪರಿವಿಡಿಯಲ್ಲಿ ಸಾಬೂನಿನ ಹೊದಿಕೆಯ ಪುಟಸಂಖ್ಯೆ ಇತ್ತು, ಆ ಪುಟವೇ ಇರಲಿಲ್ಲ. ಬ್ಲೇಡಿನಿಂದ ನೀಟಾಗಿ ಕತ್ತರಿಸಿದ್ದರು.

ಯಾರ ಕೆಲಸ ಎಂದು ಯೋಚಿಸಬೇಕಾಗಿರಲಿಲ್ಲ. ಆ ಕಾಲದ ಆರ್ಟಿಸ್ಟರು ಪತ್ರಿಕೆ ಓದಿ ಮುಗಿದೊಡನೆ ಬ್ಲೇಡು ಹಿಡಿಯುತ್ತಿದ್ದರು. ಮುಂದೆ ನೋಡಿ ಬರೆಯಲು ಬೇಕಲ್ಲ! ಮರಗಳಿಗೊಂದು ಫೈಲು, ಕುದುರೆಗಳಿಗೊಂದು, ಕೈಗಳಿಗೊಂದು. ಅಪ್ಪ ಮೈದಾ ಅಂಟು ಕಾಯಿಸಿ ಎಲ್ಲವನ್ನೂ ರಟ್ಟಿಗೆ ಅಂಟಿಸುತ್ತಿದ್ದರು. ಪುಟದ ಸಂಖ್ಯೆ ನೋಡುತ್ತ ಒಂದೊಂದೇ ರಟ್ಟು ತೆಗೆದೆ.

ಕೈಗಳ ಫೈಲಿನಲ್ಲಿತ್ತು. ಯಾರೋ ಹೊರದೇಶದವನು ಮಾಡಿದ ಜಾಹೀರಾತು; ಕಪ್ಪು ನೆಲದ ಮೇಲೆ ನಾಲ್ಕೇ ಗೆರೆಗಳಲ್ಲಿ ಒಂದು ಕೈ. ಪಕ್ಕದಲ್ಲಿ ಅಪ್ಪ ಪೆನ್ಸಿಲಿನಲ್ಲಿ ಬರೆದಿದ್ದರು: ‘ಭಾಳ ಛಲೋ ಕೈ. ನನಗ ಹಿಂಗ ಬರೂದಿಲ್ಲ.’ ಅವರ ಸ್ವಂತ ಹೆಸರು ಅದೇ ಹಾಳೆಯ ಬೆನ್ನಿಗೆ, ಅಂಟಿನೊಳಗೆ ಸಿಕ್ಕಿಕೊಂಡಿತ್ತು.

ಅಯ್ಯೋ, ಎಂಥ ಮನುಷ್ಯರಪ್ಪಾ ಇವರು! ಸಿಟ್ಟು ಬಂತು. ಬಿಡಿಸಿದರೆ ಆ ಕೈ ಹಾಳಾಗುತ್ತದೆ. ಬಿಡಿಸದಿದ್ದರೆ ಅಪ್ಪ ‘ತಿಳಿದಿಲ್ಲ’ ಆಗಿಯೇ ಉಳಿಯುತ್ತಾರೆ. ಎರಡು ದಿನ ರಟ್ಟನ್ನು ಮೇಜಿನ ಮೇಲಿಟ್ಟು ಸುತ್ತಾಡಿದೆ. ಆ ಹೊರದೇಶದವನನ್ನು ನೆನೆಯಲು ಬೇಕಾದಷ್ಟು ಜನರಿದ್ದಾರು, ಅಪ್ಪನಿಗಿರುವುದು ನಾನೊಬ್ಬಳೇ ಎಂದು ಕೊನೆಗೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಅದರ ಮೇಲೆ ಹಾಸಿಬಿಟ್ಟೆ.

ಕಾಗದ ನೆನೆಯಿತು. ಚಿತ್ರದ ಬೆರಳುಗಳು ಸುಕ್ಕಾದವು, ಬಿಡಿಸುವಾಗ ಹೆಬ್ಬೆರಳು ಹರಿದೇ ಹೋಯಿತು. ಹಿಂದೆ ಹಳದಿ ಕಂಡಿತು, ಮೂರು ಗುಳ್ಳೆ ಕಂಡವು, ಕೆಳಗೆ ಸಣ್ಣ ಅಕ್ಷರಗಳಲ್ಲಿ ಅಪ್ಪನ ಪೂರ್ತಿ ಹೆಸರು.

ಫೋಟೋ ತೆಗೆದು ಹುಡುಗಿಗೆ ಕಳಿಸಿದೆ. “ಸೂಪರ್ ಆಂಟಿ! ಹೆಸರು ಗ್ಯಾರಂಟಿ,” ಎಂದು ಫೋನಿನಲ್ಲಿ ಕುಣಿದಳು.

ಫೋನಿಟ್ಟು ಆ ಕೈಯನ್ನು ನೋಡಿದೆ. ಚಿಂದಿಯಾಗಿತ್ತು. ಅಪ್ಪ ಇದ್ದಿದ್ದರೆ “ಹುಚ್ಚಿ, ಏನ್ ಮಾಡಿದಿ ಇದನ್ನ!” ಎಂದು ಮನೆ ಹಾರಿಹೋಗುವಂತೆ ಕೂಗುತ್ತಿದ್ದರು. ಬೈಸಿಕೊಳ್ಳಲು ಸಿದ್ಧಳಾಗಿಯೇ ಬಹಳ ಹೊತ್ತು ಕುಳಿತಿದ್ದೆ.