ಎಲ್ಲಕ್ಕೂ ನೆಟ್‌ವರ್ಕೇ ಕಾರಣ

ನಮ್ಮ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಏನೇ ಕೆಟ್ಟರೂ ಅದಕ್ಕೆ ನೆಟ್‌ವರ್ಕೇ ಕಾರಣ. ಪ್ರಿಂಟರಿನಲ್ಲಿ ಹಾಳೆ ಮುಗಿದರೂ ನೆಟ್‌ವರ್ಕು, ಲಿಫ್ಟು ನಡುವೆ ನಿಂತರೂ ನೆಟ್‌ವರ್ಕು. ಹೀಗಾಗಿ ಸಕಲ ಪಾಪಗಳ ಉಸ್ತುವಾರಿ ವೈರಣ್ಣನದು. ಅವರ ನಿಜವಾದ ಹೆಸರು ಸಂಬಳದ ಚೀಟಿಗೆ ಮಾತ್ರ ಗೊತ್ತು. ಟೆಲಿಫೋನ್ ಕಂಬ ಹತ್ತುವ ಕೆಲಸದಿಂದ ಇಲ್ಲಿಗೆ ಬಂದವರು. ಹಿಂದಿನ ಜೇಬಿನಲ್ಲಿ ಇಕ್ಕಳ, ಮೂಗಿನ ತುದಿಯಲ್ಲಿ ಕೋಪ. ನಾನು ಕೌಂಟರಿನಲ್ಲಿ ಕೂರುವವಳು. ಜನರ ಬೈಗುಳ ಮೊದಲು ನನಗೆ, ಆಮೇಲೆ ಅವರಿಗೆ. ಒಟ್ಟಿಗೆ ಬೈಸಿಕೊಂಡೇ ನಾವು ಅಣ್ಣ ತಂಗಿಯರಾದೆವು.

ಹೊಸ ಪ್ರೋಗ್ರಾಂ ಬಂದ ಮೇಲೆ ಆ ಬೈಗುಳಕ್ಕೆ ಬರವೇ ಇರಲಿಲ್ಲ. ನಾನು ಹೆಸರು ಒತ್ತಿದರೆ ಅದು ಒಳಗಿನ ಕೋಣೆಯ ಸರ್ವರಿಗೆ ಹೋಗಿ, ಶೀಶೆಗೆ ಅಂಟಿಸುವ ಲೇಬಲಾಗಿ ಹೊರಗೆ ಬರಬೇಕು. ಬೆಳಿಗ್ಗೆ ಕುರ್ಚಿಗಳೆಲ್ಲ ತುಂಬಿದ ಹೊತ್ತಿಗೆ ಸರಿಯಾಗಿ ಪ್ರೋಗ್ರಾಂ ಮಕಾಡೆ ಮಲಗುತ್ತಿತ್ತು. ಎಲ್ಲರ ಪರದೆಯ ಮೇಲೂ ‘ಸರ್ವರ್ ಸಂಪರ್ಕ ಕಡಿದಿದೆ’ ಎಂಬ ಸಾಲು. ರಾತ್ರಿಯಿಂದ ಉಪವಾಸ ಕೂತವರಿಗೆ ಅದನ್ನು ಓದಿ ಹೇಳುವ ಸೌಭಾಗ್ಯ ನನ್ನದು.

ಸಾಫ್ಟ್‌ವೇರ್ ಕಂಪನಿಯವರು ಮಾತ್ರ ಬಹಳ ಚುರುಕು. ಫೋನ್ ಎತ್ತುವ ಮೊದಲೇ ಅವರಿಗೆ ಕಾಯಿಲೆ ಗೊತ್ತಾಗಿರುತ್ತಿತ್ತು.

“ನಮ್ಮ ಕಡೆ ಎಲ್ಲಾ ಸರಿ ಇದೆ ಮೇಡಂ. ಸಂಪರ್ಕ ಕಡಿದಿದೆ ಅಂತ ಅದೇ ಹೇಳ್ತಿದೆಯಲ್ಲ, ನಿಮ್ಮ ನೆಟ್‌ವರ್ಕ್ ನೋಡಿಸಿ.”

ವೈರಣ್ಣ ಕೇಬಲ್ ಬದಲಿಸಿದರು, ಸ್ವಿಚ್ಚಿನ ಡಬ್ಬಿ ಬದಲಿಸಿದರು, ಏಣಿ ಹೊತ್ತು ಕೋಣೆ ಕೋಣೆ ಅಲೆದರು. “ಸರ್ವರೇ ಉಸಿರುಗಟ್ಟಿ ಬೀಳ್ತಿದೆ ಕಣಮ್ಮ. ಸತ್ತೋನು ಫೋನ್ ಎತ್ತಲಿಲ್ಲ ಅಂತ ಲೈನ್‌ಮ್ಯಾನ್‌ನ ಹಿಡ್ಕೊಂಡ್ರೆ ಹೇಗೆ?” ಎನ್ನುತ್ತಿದ್ದರು. ಕೇಳುವವರು ಯಾರು? ಮನೆಯಲ್ಲೂ ನೆಮ್ಮದಿಯಿಲ್ಲ. ಮಿಕ್ಸಿ ನಿಂತರೂ ಅವರ ಅತ್ತೆ, “ಅಳಿಯಂದಿರು ಬರ್ಲಿ, ನೆಟ್‌ವರ್ಕ್ ಇರ್ಬೇಕು” ಎನ್ನುತ್ತಿದ್ದರಂತೆ.

ಕೊನೆಗೆ ನಮ್ಮ ಮ್ಯಾನೇಜರ್ ಸಾಹೇಬರು ವೈರಣ್ಣನನ್ನು ಕರೆಸಿ, ಅತ್ಯಂತ ಮೃದುವಾಗಿ, ಈ ತಿಂಗಳು ಮುಗಿಯುವುದರೊಳಗೆ ಸರಿಹೋಗದಿದ್ದರೆ ಕೆಲಸವನ್ನು ಹೊರಗಿನವರಿಗೆ ಕೊಡುವುದಾಗಿ ತಿಳಿಸಿದರು. ವೈರಣ್ಣನ ಮಗಳು ಆಗ ನರ್ಸಿಂಗ್ ಓದುತ್ತಿದ್ದಳು. ಈ ವಯಸ್ಸಿನಲ್ಲಿ ಅವರಿಗೆ ಇನ್ನೆಲ್ಲಿ ಕೆಲಸ ಸಿಗಬೇಕು?

ಅಷ್ಟರಲ್ಲಿ ಸಾಹೇಬರು ನಾದಿನಿಯ ಮದುವೆಗೆಂದು ರಜೆ ಹಾಕಿದರು. ಅವರು ಬರುವವರೆಗೂ ಪ್ರೋಗ್ರಾಂ ಒಮ್ಮೆಯೂ ಬೀಳಲಿಲ್ಲ. ಬಂದ ದಿನ, ಅವರ ಕೋಣೆಗೆ ಕಾಫಿ ಹೋದ ಸ್ವಲ್ಪ ಹೊತ್ತಿಗೇ ಬಿತ್ತು. ಮರುದಿನ ಬೆಳಿಗ್ಗೆ ವೈರಣ್ಣ ಕೇಬಲ್ ನೋಡುವ ನೆಪದಲ್ಲಿ ಸಾಹೇಬರ ಕುರ್ಚಿಯ ಹಿಂದೆಯೇ ಏಣಿ ಹಾಕಿ, ಮೇಲಿನಿಂದ ಅವರ ಪರದೆ ನೋಡುತ್ತ ನಿಂತರು. ಇಳಿದು ಸೀದಾ ನನ್ನ ಕೌಂಟರಿಗೆ ಬಂದರು.

“ಸಾಹೇಬ್ರು ಹೆಸರಿನ ಜಾಗ ಖಾಲಿ ಬಿಟ್ಟು ‘ಹುಡುಕು’ ಅಂತ ಒತ್ತುತ್ತಾರೆ ಕಣಮ್ಮ. ಲ್ಯಾಬ್ ಶುರುವಾದಾಗಿಂದ ಬಂದೋರೆಲ್ಲ ಒಟ್ಟಿಗೆ ಪರದೆ ಮೇಲೆ ಬರಬೇಕು, ಸತ್ತೋರೂ ಸೇರಿ. ಸರ್ವರ್ ಎಲ್ಲಿಂದ ತಡ್ಕೊಳ್ಳುತ್ತೆ?”

“ಯಾಕಂತೆ?”

“ಕೇಳ್ದೆ. ಇಷ್ಟು ಜನ ನಮ್ಮನ್ನ ನಂಬಿದಾರಲ್ಲ ಅಂತ ನೋಡಿದ್ರೆ ಬೆಳಿಗ್ಗೆ ಬೆಳಿಗ್ಗೆ ಹುಮ್ಮಸ್ಸು ಬರುತ್ತಂತೆ.”

ಸಾಫ್ಟ್‌ವೇರ್ ಕಂಪನಿಗೆ ಫೋನ್ ಮಾಡಿ ಖಾಲಿ ಹುಡುಕಾಟ ನಿಲ್ಲಿಸಿ ಎಂದೆವು. ಸಾಹೇಬರಿಂದಲೇ ತೊಂದರೆ ಎಂದು ಸಾಹೇಬರೇ ಬರೆದು ಸಹಿ ಹಾಕಿ ಕಳಿಸಿದರೆ ಪರಿಶೀಲಿಸುತ್ತೇವೆ ಎಂದರು. ಎಷ್ಟು ನ್ಯಾಯವಂತ ಜನ!

“ಹೋಗಿ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡಿ ಅಣ್ಣಾ,” ಎಂದೆ.

“ಹೇಳಿದ್ರೆ ನಾಳೆನೇ ಮನೆಗೆ. ಹೇಳದಿದ್ರೆ ತಿಂಗಳ ಕೊನೆಗೆ,” ಎಂದರು. ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಮಾರನೆಯ ದಿನ ವೈರಣ್ಣ ಸಾಹೇಬರ ಕಂಪ್ಯೂಟರನ್ನು ಸದ್ದಿಲ್ಲದೆ ಸರ್ವರಿನಿಂದ ಬಿಡಿಸಿದರು. ಹಳೆಯ ಪಟ್ಟಿಯ ನಕಲೊಂದನ್ನು ಅದರೊಳಗೇ ಇಟ್ಟರು. ಸಾಹೇಬರು ಒತ್ತಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲರೂ ಹಾಜರ್. ಅದು ಹಳೆಯದೆಂದು ಅವರಿಗೆ ಗೊತ್ತಾಗಲಿಲ್ಲ, ಸಾಲು ಉದ್ದವಿದ್ದರೆ ಅವರಿಗೆ ಸಾಕು. ಲ್ಯಾಬಿನಲ್ಲಿ ಪ್ರೋಗ್ರಾಂ ಬೀಳುವುದು ನಿಂತೇಹೋಯಿತು.

ತಿಂಗಳ ಕೊನೆಯ ಮೀಟಿಂಗಿನಲ್ಲಿ ಸಾಹೇಬರು ಎಲ್ಲರ ಎದುರು ಕೇಳಿದರು. “ಹೇಳಪ್ಪಾ, ಏನಾಗಿತ್ತು ಅಷ್ಟು ದಿನ?”

ವೈರಣ್ಣ ಎದ್ದು ನಿಂತರು. ನಿಜ ಹೇಳಿಬಿಡಲಿ ಎಂದೂ ನನಗೆ ಅನ್ನಿಸಿತು, ಬೇಡಪ್ಪಾ ಎಂದೂ ಅನ್ನಿಸಿತು.

“ನೆಟ್‌ವರ್ಕೇ ಸಾರ್. ನನ್ನದೇ ತಪ್ಪು. ಒಂದು ಕೇಬಲ್ ಸರಿ ಇರ್ಲಿಲ್ಲ.”

“ನಾನು ಮೊದಲಿಂದ ಏನು ಹೇಳ್ತಿದ್ದೆ?” ಸಾಹೇಬರ ಮುಖ ಅರಳಿತು. “ಆದ್ರೂ ತಪ್ಪು ಒಪ್ಪಿಕೊಳ್ಳೋಕೆ ದೊಡ್ಡ ಮನಸ್ಸು ಬೇಕು. ಚಪ್ಪಾಳೆ ತಟ್ಟಿ ಎಲ್ಲಾ.”

ಎಲ್ಲರೂ ತಟ್ಟಿದರು. ವೈರಣ್ಣ ತಲೆ ತಗ್ಗಿಸಿಕೊಂಡು ತಾವೂ ತಟ್ಟಿದರು. ನನಗೆ ಮಾತ್ರ ಕೈ ಏಳಲಿಲ್ಲ.